ನಲವತ್ತು ಪುಟದ ನಿದ್ದೆ

ಕಂಪನಿಗಳನ್ನು ಕೊಳ್ಳುವವರಿಗೂ ಮಾರುವವರಿಗೂ ವ್ಯಾಪಾರ ಕುದುರಿಸಿಕೊಡುವ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕು. ಅಲ್ಲಿ ದುಡಿಯುವ ಹುಡುಗರಿಗೆ ಭಾನುವಾರ ಅನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ಒಬ್ಬ ಹುಡುಗ ಲಿಫ್ಟಿನಲ್ಲೇ ತಲೆಸುತ್ತಿ ಬಿದ್ದ ಮೇಲೆ ಹೆಡ್ ಆಫೀಸಿನಿಂದ ಆಜ್ಞೆ ಬಂತು: ಈ ಭಾನುವಾರ ಎಲ್ಲರೂ ವಿಶ್ರಾಂತಿ ತೆಗೆದುಕೊಳ್ಳಲೇಬೇಕು.

ಮ್ಯಾನೇಜರ್ ಮುಧೋಳ್ಕರ್ ಅದಕ್ಕೆ ತಮ್ಮದೊಂದು ಬಾಲ ಸೇರಿಸಿದರು. "ಹೇಗೆ ವಿಶ್ರಾಂತಿ ತಗೊಂಡ್ರಿ ಅಂತ ಸೋಮವಾರ ಒಂಬತ್ತಕ್ಕೆ ನಲವತ್ತು ಪುಟದ ವರದಿ ಕೊಡಬೇಕು. ಕೊಡದವರು ಮುಂದಿನ ಭಾನುವಾರಗಳನ್ನ ಮರೆತುಬಿಡಿ."

ಹುಡುಗರ ಮುಖ ಬಾಡಿತು. ಮೂರು ವಾರದಿಂದ ನೆಟ್ಟಗೆ ನಿದ್ದೆ ಕಾಣದ ತಿಪ್ಪೇಶ ಮಾತ್ರ "ಆಗಲಿ ಸಾರ್" ಅಂದ. ಮನೆಗೆ ಹೋಗಿ ಭಾನುವಾರವಿಡೀ ಗಡದ್ದಾಗಿ ಮಲಗಿದ.

ಸೋಮವಾರ ಬಂದವನೇ ಐದು ನಿಮಿಷದಲ್ಲಿ ವರದಿಯನ್ನು ಮುಧೋಳ್ಕರ್ ಮೇಜಿನ ಮೇಲಿಟ್ಟ. ನಲವತ್ತು ಪುಟ. ಮೇಲೆ ಕಂಪನಿಯ ಲೋಗೋ, ಕೆಳಗೆ ಪುಟಸಂಖ್ಯೆ. ನಡುವೆ ಬರೀ ಬಿಳಿ.

"ಏನಯ್ಯಾ ಇದು? ಒಂದಕ್ಷರವೂ ಇಲ್ಲ."

"ಭಾನುವಾರ ನಾನು ಮಾಡಿದ್ದೆಲ್ಲ ಅದರಲ್ಲಿದೆ ಸಾರ್. ಒಂದಕ್ಷರ ಇದ್ದಿದ್ರೂ ವಿಶ್ರಾಂತಿ ಕೆಟ್ಟಿತು ಅಂತ ಅರ್ಥ."

ಮುಧೋಳ್ಕರ್ ತಿದ್ದದೆ ಒಂದು ಕಾಗದವನ್ನೂ ಕೈಬಿಟ್ಟವರಲ್ಲ. ಕೆಂಪು ಪೆನ್ನು ಹಿಡಿದು ನಲವತ್ತೂ ಪುಟ ತಿರುವಿದರು. ಕೊನೆಗೆ ಒಂದು ಕಡೆ ಸುತ್ತು ಹಾಕಿ, "ಹದಿನೇಳನೇ ಪುಟದಲ್ಲಿ ಲೋಗೋ ಕೂದಲೆಳೆಯಷ್ಟು ಎಡಕ್ಕಿದೆ. ವರದಿ ಪೂರ್ತಿ ಹೊಸದಾಗಿ ಮಾಡ್ಕೊಂಡು ಬಾ" ಅಂದರು.

ತಿಪ್ಪೇಶ ವಿನಯದಿಂದ ಕೈಕಟ್ಟಿ ನಿಂತ. "ಖಂಡಿತ ಸಾರ್. ಅದಕ್ಕೆ ಇನ್ನೊಂದು ಭಾನುವಾರ ಮಲಗಬೇಕಾಗುತ್ತೆ."