ಕೈಯಿಂದ ಎರಡು ಸುತ್ತು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿಯ ಗುರು ರುದ್ರಮುನಿ ಅಜ್ಜ. ಕಾವಿ ಉಡುವ ಮುಂಚೆ ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವರು. ಆ ಸಂಗತಿಯನ್ನು ಅವರು ಮುಚ್ಚಿಟ್ಟವರೂ ಅಲ್ಲ, ಹೇಳಿಕೊಂಡು ತಿರುಗಿದವರೂ ಅಲ್ಲ.

ಶಿಷ್ಯ ಗದಿಗಯ್ಯ. ವಯಸ್ಸು ನಲವತ್ತು ದಾಟಿತ್ತು, ಆಶ್ರಮಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಒಲೆ ಹಚ್ಚುವುದರಿಂದ ಹಿಡಿದು ಆಶ್ರಮದ ಹಳೆಯ ಡೀಸೆಲ್ ಕಾರಿನ ರಿಪೇರಿಯವರೆಗೆ ಎಲ್ಲವೂ ಅವನ ತಲೆಯ ಮೇಲೆ.

ಆ ಕಾರಿಗೆ ವಾರದಲ್ಲಿ ಎರಡು ದಿನ ತಪ್ಪಿಸುವಂತಿಲ್ಲದ ಕೆಲಸವಿತ್ತು. ಪಕ್ಕದ ಊರಿನ ತಂಗೆವ್ವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಏಳಕ್ಕೆ ಆಕೆಯನ್ನು ಕೂರಿಸಿಕೊಂಡು ಪಟ್ಟಣದ ದವಾಖಾನೆಗೆ ಡಯಾಲಿಸಿಸ್ಸಿಗೆ ಮುಟ್ಟಿಸಬೇಕು. ಹಿಂದೆ ಒಮ್ಮೆ ಒಂದು ಸರತಿ ತಪ್ಪಿದಾಗ ಮುದುಕಿ ಮೈಯೆಲ್ಲ ಬಾತು, ಉಸಿರಿಗೆ ಒದ್ದಾಡಿದ್ದಳು. ಆ ಹಾದಿಗೆ ಬೇರೆ ಗಾಡಿ ಇರಲಿಲ್ಲ.

ಒಂದು ಶನಿವಾರ ಅಜ್ಜ ಕಾರಿನ ಮೀಟರಿನಲ್ಲಿ ಅದು ಓಡಿದ ಕಿಲೋಮೀಟರು ನೋಡಿದರು.

"ಗದಿಗಯ್ಯಾ, ಟೈಮಿಂಗ್ ಬೆಲ್ಟ್ ಬದಲಿ ಮಾಡು. ನೀರಿನ ಪಂಪೂ ಹೊಸಾದು ಹಾಕು."

"ಬೆಲ್ಟ್ ಛಲೋ ಐತ್ರಿ ಅಜ್ಜಾರ. ಒಂದು ಎಳಿ ಸೈತ ಬಿಟ್ಟಿಲ್ಲ."

"ಅದು ಹರಿಯೂತನಕಾ ಛಲೋನ ಇರತೈತಿ."

"ಪಂಪಂತೂ ಒಂದು ಹನಿ ಸೋರಿಲ್ಲರಿ."

"ಬೆಲ್ಟ್ ಬಿಚ್ಚಿದಾಗಷ್ಟ ಅದು ಕೈಗೆ ಸಿಗತೈತಿ. ಅದರ ಸಲುವಾಗಿ ಮತ್ತ ಇಷ್ಟೂ ಬಿಚ್ಚತೀ ಏನು?"

ಗದಿಗಯ್ಯ ಸಂಜೆಯೊಳಗೆ ಪಟ್ಟಣದಿಂದ ಎರಡನ್ನೂ ತಂದ.

ಆ ಬೆಲ್ಟು ಇಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಹೊಂದಿಸಿ ತಿರುಗಿಸುವ ಹಲ್ಲಿನ ಪಟ್ಟಿ. ಎರಡು ಹಲ್ಲು ಆಚೀಚೆ ಕೂತರೂ ಏರುವ ಪಿಸ್ಟನ್ನು ಇಳಿದ ವಾಲ್ವಿಗೆ ಬಡಿಯಬಹುದು. ಬಡಿಯಿತೋ, ಇಂಜಿನ್ನಿನ ಕಥೆ ಮುಗಿದಂತೆಯೇ.

"ಬಿಚ್ಚೂ ಮುಂಚೆ ಚಕ್ರದ ಗುರುತು ನೋಡಿಕೋ" ಎಂದರು ಅಜ್ಜ. "ಕಟ್ಟಿದ ಮ್ಯಾಲ ಕೈಯಿಂದ ಎರಡು ಸುತ್ತು ತಿರುವು. ಕೀಲಿ ಆಮ್ಯಾಲ."

ರವಿವಾರ ಬೆಳಿಗ್ಗೆ ಗದಿಗಯ್ಯ ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿ ಬಿಚ್ಚಿದ. ಇಂಜಿನ್ನಿನ ಕೆಳಗೆ ಹಲಗೆಯಿಟ್ಟು ಜಾಕು ಹಚ್ಚಿದ. ರೇಡಿಯೇಟರಿನ ನೀರು ಇಳಿಸಿದ. ಬೆಲ್ಟಿನ ಮುಚ್ಚಳ ತೆಗೆದು ನೋಡಿದರೆ ಮೇಲಿನ ಚಕ್ರದಲ್ಲಿ ಗುರುತೇ ಇಲ್ಲ.

ಗುರುತು ಕಾಣದ್ದಕ್ಕೆ ಕಾರಣವಿತ್ತು. ಪ್ರತಿ ಮಹಾನವಮಿಗೆ ಆಯುಧಪೂಜೆಯ ದಿನ ಆ ಮುಚ್ಚಳ ತೆಗೆದು, ಗಾಡಿಯ ಜೀವ ಇದೇ ಎಂದು ಆ ಚಕ್ರಕ್ಕೆ ಅರಿಷಿಣ ಕುಂಕುಮ ಮೆತ್ತುವುದು ಆಶ್ರಮದ ರೂಢಿ. ಅದು ಎಣ್ಣೆಯ ಜೊತೆ ಸೇರಿ ಹಕ್ಕಳೆಯಾಗಿ ಕೂತಿತ್ತು.

ಪೂಜೆಯದನ್ನು ಕೆರೆಯಲು ಗದಿಗಯ್ಯನಿಗೆ ಮನಸ್ಸು ಬರಲಿಲ್ಲ. ಬದಲಿಗೆ ವಿಭೂತಿ ತೇಯ್ದು, ಚಕ್ರಕ್ಕೂ ಪಕ್ಕದ ಕಬ್ಬಿಣಕ್ಕೂ ಸೇರಿ ಒಂದು ಗೆರೆ ಎಳೆದ. ಇದಕ್ಕಿಂತ ದೊಡ್ಡ ಗುರುತು ಯಾವುದಿದ್ದೀತು ಎಂದು ಒಳಗೊಳಗೇ ಹಿಗ್ಗಿದ.

ಹಳೆಯ ಬೆಲ್ಟು ಕಳಚಿ ಬಂತು, ಪಂಪೂ ಬಂತು. ಪಂಪು ಕೂತಿದ್ದ ಜಾಗ ಹೊಲಸಾಗಿತ್ತು. ಹೊಲಸು ಕಂಡರೆ ನೀರು ಹಾಕುವುದು ಅವನ ಜನ್ಮದ ಅಭ್ಯಾಸ. ಒಂದು ತಂಬಿಗೆ ನೀರನ್ನು ಮೇಲಿನಿಂದ ಸುರಿದು, ಅರಿವೆಯಿಂದ ಗಸಗಸ ಒರೆಸಿಬಿಟ್ಟ. ಮೇಲಿನ ಚಕ್ರವೂ ಕೈಗೆ ತಾಗಿ ಟಕ್ಕನೆ ಸರಿಯಿತು.

ಅರಿವೆ ತೆಗೆದು ನೋಡಿದರೆ ವಿಭೂತಿಯ ಗೆರೆ ಇಲ್ಲ.

ಇಲ್ಲಿತ್ತೇ, ಅಲ್ಲಿತ್ತೇ ಎಂದು ಅರ್ಧ ತಾಸು ಕೂತ. ಕೊನೆಗೆ ಶಿವನ ಮೇಲೆ ಭಾರ ಹಾಕಿ, ಅಂದಾಜಿನ ಮೇಲೆ ಚಕ್ರ ಕೂರಿಸಿ, ಹೊಸ ಪಂಪು ಬಿಗಿದು, ಹೊಸ ಬೆಲ್ಟು ತೊಡಿಸಿ, ನೀರು ತುಂಬಿದ.

ಕೈಯಿಂದ ಮಾತ್ರ ತಿರುಗಿಸಿ ನೋಡಲಿಲ್ಲ. ಮರೆತದ್ದಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಅಂಜಿಕೆ.

ಅವನು ಮಾಡಿದ್ದು ಬೇರೆ. ತಾಟಿನಲ್ಲಿ ಹೂವು, ತೆಂಗಿನಕಾಯಿ, ಊದುಬತ್ತಿ, ನಡುವೆ ಕಾರಿನ ಕೀಲಿ ಇಟ್ಟುಕೊಂಡು ಅಜ್ಜನ ಮುಂದೆ ನಿಂತ. ಆಶ್ರಮದಲ್ಲಿ ಏನೇ ಹೊಸದಾಗಲಿ, ಮೊದಲು ಅಜ್ಜನ ಹಸ್ತ ಬೀಳಬೇಕು. ಬೋರಿನ ಮೋಟರಿಗೂ ಅಷ್ಟೇ, ಹಿಟ್ಟಿನ ಗಿರಣಿಗೂ ಅಷ್ಟೇ.

"ಮುಗೀತ್ರಿ ಅಜ್ಜಾರ. ರಾಹುಕಾಲ ಬರೂದರಾಗ ನೀವು ಒಂದು ಕೀಲಿ ತಿರುವಿಬಿಡ್ರಿ."

ಅಜ್ಜ ಎದ್ದು ಬಂದು ಕಾರಿನಲ್ಲಿ ಕೂತರು. ಕೀಲಿ ತೂರಿಸಿದರು. ಗದಿಗಯ್ಯ ಕಾಯಿ ಎತ್ತಿ ಹಿಡಿದು ಕಣ್ಣು ಮುಚ್ಚಿದ.

ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅಜ್ಜ ಅವನನ್ನೇ ನೋಡುತ್ತಿದ್ದರು.

"ಎರಡು ಸುತ್ತು ತಿರುವಿದಿ?"

"ನಿಮ್ಮ ಹಸ್ತ ಬಿದ್ದ ಮ್ಯಾಲ ಎಲ್ಲಾ ಸರಿ ಆಗತೈತ್ರಿ."

"ನಾ ಕೇಳಿದ್ದು ಅದಲ್ಲ."

ಗದಿಗಯ್ಯ ಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅಜ್ಜ ಕೀಲಿ ಹಿರಿದು ತಾಟಿನ ಹೂವಿನ ಮೇಲೆ ಇಟ್ಟರು. ನೆಲದ ಮೇಲೆ ಬಿದ್ದಿದ್ದ, ಬೋಲ್ಟು ತಿರುವುವ ಪಾನಾ ಎತ್ತಿ ಅವನ ಕೈಗೆ ಕೊಟ್ಟರು.

ಅವನು ಕೂತು ಕೆಳಗಿನ ಚಕ್ರದ ಬೋಲ್ಟಿಗೆ ಪಾನಾ ಹಚ್ಚಿ ತಿರುವಿದ. ಒಂದು ಸುತ್ತು ಬಂತು. ಎರಡನೆಯದು ಅರ್ಧಕ್ಕೆ ಬಂದು ನಿಂತಿತು.

"ಬಿಗಿ ಐತ್ರಿ. ಹೊಸಾ ಬೆಲ್ಟಲ್ಲರಿ."

ಅವನು ಪಕ್ಕದಲ್ಲಿದ್ದ ಪೈಪಿನ ತುಂಡನ್ನು ಪಾನಾದ ಹಿಡಿಗೆ ತೂರಿಸಿ ಭಾರ ಹಾಕಲು ಹೋದ. ಅಜ್ಜ ಪೈಪಿನ ಮೇಲೆ ಕಾಲಿಟ್ಟರು.

"ಬಿಗಿ ಇದ್ರ ಮೊದಲನೇ ಸುತ್ತಿನಾಗ ಬಿಗಿ ಇರತಿತ್ತು. ಅದು ಬ್ಯಾಡ ಅನ್ನಾಕತ್ತೈತಿ."

ಗದಿಗಯ್ಯ ಪಾನಾ ಬಿಟ್ಟ. ಕುಂಕುಮದ ಹಕ್ಕಳೆ, ವಿಭೂತಿ, ತಂಬಿಗೆ ನೀರು, ಅಂದಾಜು, ಒಂದನ್ನೂ ಬಿಡದೆ ಹೇಳಿದ.

"ನಾ ಕೀಲಿ ತಿರುವಿದ್ರ ಏನಾಗತಿತ್ತು?" ಎಂದರು ಅಜ್ಜ.

"ವಾಲ್ವ್ ಬಾಗತಿದ್ದವ್ರಿ."

"ನಾಳೆ ತಂಗೆವ್ವ?"

ಗದಿಗಯ್ಯನ ಕಣ್ಣಲ್ಲಿ ನೀರು ಬಂದಿತ್ತು.

"ನಿನಗ ಅದು ಗೊತ್ತಿದ್ದೂ ಕೀಲಿ ನನ್ನ ಕೈಯಾಗ ಕೊಟ್ಟಿ."

"ತಪ್ಪಾತ್ರಿ. ನಿಮ್ಮ ಕೈಯಾಗ ಕೆಟ್ರ..." ಗದಿಗಯ್ಯ ತಡೆದ.

"ಹೇಳು."

"ನಿಮ್ಮ ಕೈಯಾಗ ಕೆಟ್ರ ದೇವರ ಇಚ್ಛಾ ಅಂತಾರ್ರಿ. ನನ್ನ ಕೈಯಾಗ ಕೆಟ್ರ ಗದಿಗಯ್ಯಾ ಕೆಡಿಸಿದಾ ಅಂತಾರ."

ಅಜ್ಜ ಬೈಯಲಿಲ್ಲ.

"ಸೀಮೆಎಣ್ಣಿ ತಾ. ಬ್ರಶ್ಶೂ ತಾ."

"ಪೂಜಾದ್ದು ಅಲ್ರೀ..."

"ತಾ."

ಬೆಲ್ಟು ಮತ್ತೆ ಕಳಚಿ ಬಂತು. ಗದಿಗಯ್ಯ ಚಕ್ರವನ್ನು ತಿಕ್ಕಿದ. ಕೆಂಪು ಇಳಿಯಿತು, ಅದರಡಿಯ ಹಳದಿ ಇಳಿಯಿತು, ಅದರಡಿಯ ಕರಿ ಇಳಿಯಿತು. ಕೊನೆಗೆ ಒಂದು ಹಲ್ಲಿನ ಬುಡದಲ್ಲಿ ಉಗುರಿನಷ್ಟು ಸಣ್ಣ ಕಚ್ಚು ಕಂಡಿತು. ಕಾರ್ಖಾನೆಯಿಂದ ಬರುವಾಗಲೇ ಕಡೆದ ಗುರುತು.

"ಅಜ್ಜಾರ, ಇಲ್ಲೇ ಐತ್ರಿ!"

"ಎಲ್ಲಿ ಹೋಗತೈತಿ ಅದು. ಮುಚ್ಚಿದವ್ರು ನಾವು."

ಗದಿಗಯ್ಯ ಅಜ್ಜನ ಮುಖ ನೋಡಲಿಲ್ಲ. ಪ್ರತಿ ಮಹಾನವಮಿಗೆ ಆ ಚಕ್ರಕ್ಕೆ ಮೊದಲ ಕುಂಕುಮ ಇಡುತ್ತಿದ್ದುದು ಅಜ್ಜನ ಬೆರಳೇ ಆಗಿತ್ತು.

ಕೆಳಗಿನ ಚಕ್ರದ ಗುರುತು ಹುಡುಕಿ ಅದನ್ನೂ ಸರಿ ಮಾಡಿದರು. ಅಂದಾಜಿನಲ್ಲಿ ಕೂರಿಸಿದ್ದು ಮೂರು ಹಲ್ಲು ತಪ್ಪಿತ್ತು. ಬೆಲ್ಟು ಕೂರಿಸಿ, ಬಿಗಿದು, ಗದಿಗಯ್ಯ ಮತ್ತೆ ಪಾನಾ ಹಿಡಿದ. ಒಂದು ಸುತ್ತು. ಎರಡು ಸುತ್ತು. ಎಲ್ಲಿಯೂ ತಡೆಯಲಿಲ್ಲ, ಗುರುತುಗಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಅಜ್ಜ ಹೇಳದಿದ್ದರೂ ಅವನು ಮೂರನೆಯ ಸಲ, ನಾಲ್ಕನೆಯ ಸಲ ತಿರುವಿದ.

"ಸಾಕು" ಎಂದರು ಅಜ್ಜ. "ಅದಕ್ಕೂ ತಲಿ ತಿರುಗತೈತಿ."

ಗದಿಗಯ್ಯನಿಗೆ ನಗು ಬಂತು. ತಾಟಿನಿಂದ ಕೀಲಿ ಎತ್ತಿ ಎರಡೂ ಕೈಯಿಂದ ಅಜ್ಜನ ಮುಂದೆ ಹಿಡಿದ.

ಅಜ್ಜ ಕೈ ಚಾಚಲಿಲ್ಲ. ತಾಟಿನಲ್ಲಿದ್ದ ಕಾಯಿಯನ್ನು ಎತ್ತಿಕೊಂಡು, ಸಾರು ಮಾಡಲು ಆಗುತ್ತದೆ ಎಂದು ಅಡಿಗೆಮನೆಯ ಕಡೆ ನಡೆದರು.

ಕೀಲಿಯನ್ನು ಗದಿಗಯ್ಯನೇ ತಿರುವಬೇಕಾಯಿತು. ಇಂಜಿನ್ ಒಮ್ಮೆ ಕೆಮ್ಮಿ ಚಾಲೂ ಆಯಿತು. ಅವನು ಸ್ಟೇರಿಂಗಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಕೂತ.

ಸೋಮವಾರ ಏಳಕ್ಕೆ ಸರಿಯಾಗಿ ಕಾರು ತಂಗೆವ್ವನ ಬಾಗಿಲಲ್ಲಿತ್ತು. ಮಧ್ಯಾಹ್ನ ಆಕೆಯನ್ನು ಮನೆಗೆ ಮುಟ್ಟಿಸಿ ಗದಿಗಯ್ಯ ಆಶ್ರಮಕ್ಕೆ ಬಂದಾಗ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕಾವಿ ಅರಿವೆ ಹಿಂಡುತ್ತಿದ್ದರು.

"ತಂಗೆವ್ವ ಆರಾಮ ಅದಾಳು?"

"ಆರಾಮ ಅದಾಳ್ರಿ. ಹಾದಿಗುಂಟ ಸೊಸಿನ್ನ ಬೈಕೋತ ಬಂದ್ಲು."

"ಹಂಗಾರ ಖರೇನ ಆರಾಮ ಅದಾಳ."

ಗದಿಗಯ್ಯ ಇನ್ನೊಂದು ತುದಿ ಹಿಡಿದು ಅರಿವೆ ಹಿಂಡಿಸಿದ. ರಾತ್ರಿಯಿಡೀ ಕೊರೆದ ಮಾತು ಬಾಯಿಗೆ ಬಂತು.

"ಅಜ್ಜಾರ, ಇಂಜಿನ್ ಸರಿಯಾದ ಮ್ಯಾಲೂ ನೀವು ಕೀಲಿ ಮುಟ್ಟಲಿಲ್ಲ. ಯಾಕ್ರಿ? ಹದಿನಾಲ್ಕು ವರ್ಷ ನೋಡೇನಿ, ನಿಮ್ಮ ಹಸ್ತ ಬಿದ್ದ ಕೆಲಸ ಒಂದೂ ಕೆಟ್ಟಿಲ್ಲ."

ಅಜ್ಜ ಅರಿವೆ ಝಾಡಿಸಿ ಕಲ್ಲಿನ ಮೇಲೆ ಹಾಸಿದರು.

"ಕೆಟ್ಟದ್ದನ್ನ ಯಾರೂ ಬಂದು ನನಗ ಹೇಳಿಲ್ಲೋ, ಗದಿಗಯ್ಯಾ."