ಅಂಗೈಯ ಜಡ್ಡು

ಪೂಜ್ಯ ಮಿಂಗ್‌ಜಿ ಭಿಕ್ಷುಗಳ ವಿಹಾರವೆಂದರೆ ಮಣ್ಣಿನ ಗೋಡೆಯ ಎರಡು ಕೋಣೆ, ಮುಂದೊಂದು ಅಂಗಳ, ಹಿತ್ತಲಲ್ಲಿ ಮೂಲಂಗಿಯ ಪಾತಿ, ಅಷ್ಟೇ. ಚೀನಾ ದೇಶದ ಉತ್ತರ ಸೀಮೆಯ ರೈತರು ಹಸಿವು ತಾಳಲಾರದೆ ದಂಗೆಯೆದ್ದಿದ್ದ ಕಾಲವದು. ಅವರನ್ನು ಅಡಗಿಸಲು ಚಕ್ರವರ್ತಿಗಳು ಕಳುಹಿಸಿದ್ದ ಸೇನಾಪತಿ ಶೆನ್ ಬೋ ಒಂದು ಬೆಳಿಗ್ಗೆ ನಲವತ್ತು ಮಂದಿ ಸೆರೆಯಾಳುಗಳನ್ನು ತಂದು ಆ ಅಂಗಳದಲ್ಲಿ ಸಾಲಾಗಿ ಕೂರಿಸಿದನು.

ಶೆನ್ ಬೋ ಕೆಟ್ಟವನಲ್ಲ. ಮಹಾ ಶೂರ, ಸೈನಿಕರು ಉಂಡ ಮೇಲೆಯೇ ಉಣ್ಣುವವನು. ಆದರೆ ದಂಗೆಕೋರರನ್ನು ಗುರುತಿಸಲು ಅವನದೊಂದು ಪರೀಕ್ಷೆಯಿತ್ತು. ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿದ್ದರೆ ಅದು ಈಟಿ ಹಿಡಿದ ಕೈ. ಅಂಥವನ ತಲೆ ಉಳಿಯುತ್ತಿರಲಿಲ್ಲ. ಹಿಂದಿನ ವಾರ ಎರಡು ಊರುಗಳಲ್ಲಿ ಹೀಗೆಯೇ ತೀರ್ಪು ಕೊಟ್ಟು ಬಂದಿದ್ದನು. ಅರಮನೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ಗುದ್ದಲಿಯ ಪರಿಚಯ ಎಲ್ಲಿಂದ ಬರಬೇಕು!

ಭಿಕ್ಷುಗಳು ಪಾತಿಯಿಂದ ಎದ್ದು ಬಂದು, ಸಾಲಿನ ಕೊನೆಯಲ್ಲಿ ತಾವೂ ಕುಳಿತು ಕೈ ಚಾಚಿದರು. ಸೇನಾಪತಿ ನೋಡಿದನು. ಬೆರಳುಗಳ ಬುಡದಲ್ಲಿ ನಾಲ್ಕು ಗಟ್ಟಿ ಜಡ್ಡು.

"ಪೂಜ್ಯರೇ, ತಾವೂ ಈಟಿ ಹಿಡಿದಿರಾ?"

"ಮೂಲಂಗಿ ಬೆಳೆದೆ," ಎಂದರು ಭಿಕ್ಷುಗಳು.

"ಮೂವತ್ತು ವರ್ಷ ಯುದ್ಧ ಮಾಡಿದವನು ನಾನು. ಕೈ ನೋಡಿದರೆ ಗೊತ್ತಾಗುತ್ತದೆ."

ಭಿಕ್ಷುಗಳು ತಮ್ಮ ಗುದ್ದಲಿಯನ್ನು ಮುಂದೆ ಹಿಡಿದರು. "ಮಧ್ಯಾಹ್ನದವರೆಗೆ ಅಗೆಯಿರಿ. ಆಮೇಲೆ ತಮ್ಮ ಚಿತ್ತ."

ಸೈನ್ಯವೆಲ್ಲ ನೋಡುತ್ತಿತ್ತು. ಹಿಂಜರಿದರೆ ಮಾನ ಹೋದೀತೆಂದು ಶೆನ್ ಬೋ ಕವಚ ಕಳಚಿ ಪಾತಿಗಿಳಿದನು. ಹತ್ತು ವರ್ಷಗಳಿಂದ ಕುದುರೆಯ ಮೇಲೆ ಕುಳಿತು ಅಪ್ಪಣೆ ಕೊಟ್ಟೇ ಅಭ್ಯಾಸವಾಗಿದ್ದ ಕೈ ಮೆತ್ತಗಾಗಿತ್ತು. ಬಿಸಿಲು ನೆತ್ತಿಗೇರುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೆರಳುಗಳ ಬುಡದಲ್ಲೇ, ನಾಲ್ಕು.

"ಒಂದು ತಿಂಗಳು ಅಗೆದರೆ ಇದು ಜಡ್ಡಾಗುತ್ತದೆ. ಆಗ ತಮ್ಮನ್ನು ಯಾರು ಬಿಡಿಸುತ್ತಾರೆ?" ಎಂದರು ಭಿಕ್ಷುಗಳು.

ಸೇನಾಪತಿ ತನ್ನ ಕೈಯನ್ನೇ ನೋಡುತ್ತ ನಿಂತನು. ಆಮೇಲೆ ಒಬ್ಬೊಬ್ಬ ಸೆರೆಯಾಳಿನ ಕಟ್ಟನ್ನೂ ತಾನೇ ಬಿಚ್ಚಿದನು. ಕೊನೆಯ ಹಗ್ಗ ಬಿಚ್ಚಿದ ಮೇಲೆ ಭಿಕ್ಷುಗಳ ಮುಂದೆ ಕುಸಿದು, "ಆ ಎರಡು ಊರುಗಳವರಿಗೆ ನಾನೇನು ಮಾಡಲಿ?" ಎಂದು ಅತ್ತನು.

"ಅವರ ಹೊಲಗಳು ಬೀಳುಬಿದ್ದಿವೆ," ಎಂದು ಭಿಕ್ಷುಗಳು ಗುದ್ದಲಿಯನ್ನು ಅವನಿಗೇ ಕೊಟ್ಟರು.

ಇಲ್ಲಿಂದ ಮುಂದೆ ಶೆನ್ ಬೋ ಅವರನ್ನು ಏಕವಚನದಲ್ಲಿ ಕರೆಯಲು ನನಗೆ ಮನಸ್ಸು ಬಾರದು. ಅವರು ಅಧಿಕಾರದ ಮುದ್ರೆಯನ್ನು ಚಕ್ರವರ್ತಿಗಳಿಗೆ ಹಿಂದಿರುಗಿಸಿ, ಗುದ್ದಲಿ ಹೊತ್ತು ಆ ಊರುಗಳಿಗೆ ನಡೆದರು. ಗಂಡು ದಿಕ್ಕಿಲ್ಲದ ಮನೆಗಳ ಹೊಲ ಅಗೆದು ನವಣೆ ಬಿತ್ತಿದರು. ಒಂದು ದಿನ ಕಣ್ಣು ಮಂಜಾದ ಮುದುಕಿಯೊಬ್ಬಳು ಗಂಜಿಯ ಬಟ್ಟಲು ಕೊಡುವಾಗ ಅವರ ಅಂಗೈ ಸವರಿದಳು.

"ನನ್ನ ಮಗನ ಕೈಯೂ ಹಿಂಗೇ ಇತ್ತಪ್ಪಾ," ಎಂದಳು.

ಅವರು ಬಟ್ಟಲನ್ನು ಕೆಳಗಿಟ್ಟು, ನೆಲಕ್ಕೆ ಹಣೆ ಹಚ್ಚಿ, ತಾವು ಯಾರೆಂದು ಹೇಳಿದರು. ಮುದುಕಿ ಹೊಲದತ್ತ ಮುಖ ತಿರುಗಿಸಿ ಕುಳಿತಳು. ಕೊನೆಗೆ ತಡವರಿಸಿ ಬಟ್ಟಲನ್ನು ಅವರತ್ತ ಸರಿಸಿದಳು.

"ಆರಿ ಹೋಗ್ತದೆ, ಕುಡಿ. ಮೇಲಿನ ಹೊಲ ಇನ್ನೂ ಹಂಗೇ ಅದೆ."