ಮಾವಿನ ಮರ ದಾಟಿ ಹೋದ ಅಂಬಿಗ

“ದೇವರು ಕೊಟ್ಟ ಮಾತು ಉಳಿಸ್ಕೋತಾನ ಅಂತ ಇನ್ನ ಯಾವ ಬಾಯಿಂದ ಹೇಳ್ಲಿ, ಅಯ್ಯನವರ?” ಎಂದು ಫಿಲೆಮೋನ ಕೇಳಿದ.

ಅವನು ಸಣ್ಣ ಹಳ್ಳಿಯೊಂದರ ಸಭೆಗೆ ಉಪದೇಶಿ. ಕೇಳಿದ್ದು ತನಗೆ ಸತ್ಯವೇದ ಕಲಿಸಿದ ಮುದುಕ ಸೀಲಪ್ಪನವರನ್ನು. ಫಿಲೆಮೋನನ ಹೆಂಡತಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ದಿನವೂ ಬೆಳಿಗ್ಗೆ ಅವನು ಅವಳ ಪಕ್ಕದಲ್ಲಿ ಕುಳಿತು ದೇವರ ವಾಗ್ದಾನಗಳನ್ನು ಓದುತ್ತಿದ್ದ. ಓದಿ ಮುಗಿಸಿದ ಕೂಡಲೆ ಅವಳು, “ಇವತ್ತು ಬರ್ತಾನೇನ್ರೀ?” ಎಂದು ಕೇಳುತ್ತಿದ್ದಳು. “ಬರ್ತಾನ” ಎಂದು ಅವನು ಹೇಳುತ್ತಿದ್ದ. ಅವಳನ್ನು ಮಣ್ಣು ಮಾಡಿ ಹನ್ನೊಂದು ದಿನ ಆಗಿತ್ತು.

ಅವನು ಚರ್ಚಿನ ಕೀಲಿಕೈಯನ್ನು ಗುರುಗಳ ಚಾಪೆಯ ಮೇಲಿಟ್ಟ. “ಬರೋ ಭಾನುವಾರ ಬ್ಯಾರೆ ಯಾರನ್ನರ ಕಳಸ್ರಿ. ನಾ ಒಲ್ಲೆ,” ಎಂದ.

ಸೀಲಪ್ಪನವರು ಕೀಲಿಕೈಯನ್ನು ನೋಡಿದರು, ಮುಟ್ಟಲಿಲ್ಲ. ಸಮಾಧಾನ ಹೇಳುವುದು ಅವರಿಗೆ ಎಂದೂ ಬರುತ್ತಿರಲಿಲ್ಲ. ಸಾವಿನ ಮನೆಗೆ ಹೋದರೆ ಗೋಡೆಗೆ ಒರಗಿ ಸುಮ್ಮನೆ ಕುಳಿತು ಎದ್ದು ಬರುವವರು. “ಕುಂದರು. ಒಂದು ಕತಿ ಐತಿ. ಕೇಳಿದ ಮ್ಯಾಲೂ ಕೀಲಿ ಬಿಟ್ಟು ಹೋಗ್ತೀ ಅಂದ್ರ ಹೋಗು. ನಾ ಬೆನ್ನು ಹತ್ತಿ ಬಂದು ಕರಿಯಾಂವ ಅಲ್ಲ,” ಎಂದರು. ಆಮೇಲೆ ಅವರು ಹೇಳಿದ ಕತೆ ಇದು.

ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಒಬ್ಬ ರೈತನಿದ್ದ. ಅವನಿಗೆ ಹೆಂಡತಿ ಮತ್ತು ಆರು ವರ್ಷದ ಮಗಳು. ಅವರ ಗುಡಿಸಲ ಹಿಂದೆ ಒಂದು ಎತ್ತರದ ಬಂಡೆಗಲ್ಲು. ಆಚೆ ದಡದಲ್ಲಿ ಒಬ್ಬ ಅಂಬಿಗನಿದ್ದ. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲು ಅವನದು. ಪ್ರತಿ ಮಳೆಗಾಲಕ್ಕೆ ಮುಂಚೆ ಅವನು ಬಂದು ಒಂದೇ ಮಾತು ಹೇಳಿ ಹೋಗುತ್ತಿದ್ದ. “ನೀರು ಏರಿದ್ರ ಬಂಡೆಗಲ್ಲು ಹತ್ತಿ ಕುಂದರ್ರಿ. ನಾ ಬರ್ತೀನಿ. ಬರೂತನಕ ಇಳೀಬ್ಯಾಡ್ರಿ.”

ತುಂಬಿದ ಹೊಳೆಯಲ್ಲಿ ಹರಿಗೋಲು ನೇರವಾಗಿ ದಾಟುವುದಿಲ್ಲ. ಸೆಳವು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆದ್ದರಿಂದ ಅಂಬಿಗನು ಮೊದಲು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಲ್ಲೇ ನೀರು ಬರುವ ದಿಕ್ಕಿಗೆ, ಮೇಲಕ್ಕೆ ನಡೆಯುತ್ತಾನೆ. ಅಲ್ಲಿ ನೀರಿಗೆ ಇಳಿಸಿ, ಹುಟ್ಟು ಹಾಕುತ್ತ, ಸೆಳವಿನೊಂದಿಗೆ ತೇಲಿ ಬಂದು ನಡುಗಡ್ಡೆ ಮುಟ್ಟುತ್ತಾನೆ. ಇದು ರೈತನಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಅಂಬಿಗನು ಮೇಲಿನ ಮಾವಿನ ಮರದ ತನಕ ನಡೆದು ಅಲ್ಲೇ ಇಳಿಯುತ್ತಿದ್ದ. ಅವನು ಆ ಮರದ ಬುಡದಲ್ಲಿ ನಿಂತನೆಂದರೆ ರೈತ ಗಂಟುಮೂಟೆ ಕಟ್ಟಲು ಶುರು ಮಾಡುತ್ತಿದ್ದ.

ಒಂದು ವರ್ಷ ಯಾರೂ ಕಂಡಿರದಷ್ಟು ನೀರು ಬಂತು. ಬೆಳಗಾಗುವಷ್ಟರಲ್ಲಿ ಎತ್ತುಗಳು ಹೋಗಿದ್ದವು, ಗುಡಿಸಲೂ ಹೋಯಿತು. ಮೂವರೂ ಬಂಡೆಗಲ್ಲು ಹತ್ತಿದರು. ಆಚೆ ದಡದಲ್ಲಿ ಅಂಬಿಗ ಕಾಣಿಸಿದ. ಅವನು ಹರಿಗೋಲನ್ನು ತಲೆಗೇರಿಸಿ ನಡೆಯತೊಡಗಿದ. ಮಗಳು ಕೈ ಬೀಸಿದಳು. ಅವನು ಮಾವಿನ ಮರದ ಹತ್ತಿರ ಬಂದ. ಅಲ್ಲಿ ನಿಲ್ಲಲಿಲ್ಲ. ಮರ ದಾಟಿ ಮುಂದೆ ಹೋದ. ನದಿಯ ತಿರುವಿನಲ್ಲಿ ಮರೆಯಾದ.

“ಹೊಂಟ. ತನ್ನ ಹರಿಗೋಲು ಉಳಿಸ್ಕೊಂಡು ಹೊಂಟ,” ಎಂದ ರೈತ.

ಅವನು ದಡ್ಡನೆಂದು ತಿಳಿಯಬೇಡ. ಹೊಳೆಯ ರೀತಿ ತಿಳಿಯದವನಾಗಿದ್ದರೆ ಅವನು ಈ ತಪ್ಪು ಮಾಡುತ್ತಲೇ ಇರಲಿಲ್ಲ. ಹದಿನಾಲ್ಕು ವರ್ಷ ಕಂಡದ್ದನ್ನೇ ಅವನು ಅಳತೆ ಮಾಡಿಕೊಂಡಿದ್ದ. ಹಿಂದಿನ ವರ್ಷಗಳ ನೀರಿಗೆ ಮಾವಿನ ಮರದಿಂದ ಇಳಿದರೆ ಸಾಕಾಗಿತ್ತು, ಈ ವರ್ಷದ ನೀರಿಗೆ ಸಾಲದು. ಅಲ್ಲಿಂದ ಇಳಿದಿದ್ದರೆ ಹರಿಗೋಲು ಬಂಡೆಗಲ್ಲನ್ನು ಮುಟ್ಟದೆ ಕೆಳಕ್ಕೆ ಕೊಚ್ಚಿ ಹೋಗುತ್ತಿತ್ತು. ಸೆಳವು ಎಷ್ಟು ಹೆಚ್ಚೋ ಅಂಬಿಗ ಅಷ್ಟು ದೂರ ಹೋಗಬೇಕು. ಅಂದು ಅವನು ಎರಡು ಹರದಾರಿ ನಡೆಯಬೇಕಾಯಿತು. ನಡುವೆ ತುಂಬಿ ಹರಿಯುವ ಹಳ್ಳವೊಂದನ್ನು ಸುತ್ತಿ ಬಳಸಬೇಕಾಯಿತು. ಇದನ್ನು ಕೂಗಿ ಹೇಳಿದರೂ ಆ ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ನಡುಮಧ್ಯಾಹ್ನದ ಹೊತ್ತಿಗೆ ನೀರು ಬಂಡೆಗಲ್ಲಿನ ನೆತ್ತಿ ಏರಿ ಅವರ ಪಾದ ಮುಟ್ಟಿತು. ರೈತನ ಹತ್ತಿರ ಮೂರು ಸೋರೆಬುರುಡೆಗಳಿದ್ದವು. ಹೊಳೆಯ ಜನ ಈಜುವಾಗ ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಅವನು ಒಂದನ್ನು ತಾನು ಕಟ್ಟಿಕೊಂಡ, ಒಂದನ್ನು ಮಗಳಿಗೆ ಕಟ್ಟಿದ, ಒಂದನ್ನು ಹೆಂಡತಿಯ ಮಡಿಲಿಗೆ ಹಾಕಿದ.

“ಏಳು. ಇಲ್ಲೇ ಕುಂತ್ರ ಮೂವರೂ ಸಾಯ್ತೀವಿ.”

“ಇಳೀಬ್ಯಾಡ್ರಿ ಅಂದಾನಲ್ಲ.”

“ಅಂದಾಂವ ಎಲ್ಲಿ ಅದಾನ? ತೋರ್ಸು.”

ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಆದರೂ ಅವಳು ಏಳಲಿಲ್ಲ. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ರೈತ ಆ ಕಡೆಯಿಂದ ಎಳೆದ. ಮಗು ನೋವಾಗಿ ಅತ್ತಿತು. ಆಗ ತಾಯಿ ಕೈ ಬಿಟ್ಟಳು.

ರೈತ ಮಗಳನ್ನು ಬೆನ್ನಿಗೆ ಕಟ್ಟಿಕೊಂಡ. “ಕೂಸನ್ನ ದಾಟಿಸಿ ನಿನ್ನ ಕರಿಯಾಕ ಬರ್ತೀನಿ,” ಎಂದ. ಅದೂ ಕೊಟ್ಟ ಮಾತೇ. ಸುಳ್ಳಲ್ಲ, ಪೂರ್ತಿ ಮನಸ್ಸಿನಿಂದ ಹೇಳಿದ್ದು. ಉಳಿಸಿಕೊಳ್ಳುವ ಬಲ ಅವನ ತೋಳಿಗೆ ಇರಲಿಲ್ಲ. ಇಪ್ಪತ್ತು ಮಾರು ದೂರದ ತನಕ ಎರಡು ತಲೆಗಳು ಕಾಣಿಸಿದವು. ಆಮೇಲೆ ನೀರೊಂದೇ ಕಾಣಿಸಿತು.

ಹೊತ್ತು ಇಳಿಯುವಾಗ ಹರಿಗೋಲು ಬಂತು. ಹುಟ್ಟು ಹಾಕಿ ಹಾಕಿ ಅಂಬಿಗನ ಅಂಗೈಯ ಚರ್ಮ ಸುಲಿದಿತ್ತು. ನೀರು ರೈತನ ಹೆಂಡತಿಯ ಮೊಣಕಾಲ ತನಕ ಏರಿತ್ತು. “ಉಳದವ್ರು ಎಲ್ಲಿ?” ಎಂದು ಅಂಬಿಗ ಕೇಳಿದ. ಅವಳು ನೀರಿನ ಕಡೆ ಕೈ ತೋರಿಸಿದಳು. ಅಂಬಿಗ ಹರಿಗೋಲಿನಲ್ಲಿ ಕುಸಿದು ಕುಳಿತು ಮಕ್ಕಳ ಹಾಗೆ ಅತ್ತ. ಆಮೇಲೆ ಅವಳನ್ನು ಹತ್ತಿಸಿಕೊಂಡು ದಡ ಸೇರಿಸಿದ. ಮೂರನೆಯ ದಿನ ಕೆಳಗಿನ ಊರಿನವರಿಗೆ ಜಾಲಿಯ ಕಂಟಿಯಲ್ಲಿ ರೈತ ಸಿಕ್ಕಿದ. ಮಗಳನ್ನು ಬೆನ್ನಿಗೆ ಕಟ್ಟಿದ ಗಂಟು ಬಿಚ್ಚಿರಲಿಲ್ಲ.

ಸೀಲಪ್ಪನವರ ಕತೆ ಅಲ್ಲಿಗೆ ಮುಗಿಯಿತು.

ಫಿಲೆಮೋನನಿಗೆ ಸಿಟ್ಟು ಬಂತು. “ಇದೇನು, ಊರು ಸೂರೆ ಹೋದ ಮ್ಯಾಲೆ ಕೋಟೆ ಬಾಗಿಲು ಹಾಕಿದಂಗ ಆತು. ಅಂಬಿಗ ಮಧ್ಯಾಹ್ನಕ್ಕ ಬಂದಿದ್ರ ಮೂವರೂ ಉಳೀತಿದ್ರು,” ಎಂದ.

“ಹೌದು, ಉಳೀತಿದ್ರು,” ಎಂದರು ಸೀಲಪ್ಪನವರು. “ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಈ ಮನಿಯಿಂದನೂ ಎರಡು ಹೆಣ ಹೋಗ್ಯಾವ. ನಲವತ್ತು ವರ್ಷ ಆತು, ನಾನೂ ಕೇಳಾಕತ್ತೀನಿ. ಗೊತ್ತಾದ ದಿನ ನಿನಗ ಹೇಳಿ ಕಳಸ್ತೀನಿ.”

ಗುರುಗಳಿಂದ ಇಂಥ ಮಾತನ್ನು ಫಿಲೆಮೋನ ನಿರೀಕ್ಷಿಸಿರಲಿಲ್ಲ. ಅವನ ಸಿಟ್ಟು ಇಳಿದು ಕಣ್ಣು ತುಂಬಿ ಬಂತು. “ಆ ಹೆಣ್ಣುಮಗಳ ನಂಬಿಗಿ ದೊಡ್ಡದು, ಅಯ್ಯನವರ. ನನ್ನ ಹತ್ರ ಅಂಥಾದ್ದು ಇಲ್ಲ. ಸತ್ಯವೇದ ತೆಗದ್ರ ಮೈ ಉರೀತೈತಿ. ಪ್ರಾರ್ಥನಿಗೆ ಕುಂತ್ರ ಬಾಯಾಗ ಬೈಗುಳ ಬರ್ತಾವ. ಇಂಥಾಂವ ದೇವರ ಮನಿಯಾಗ ಹೆಂಗ ನಿಲ್ಲಬೇಕು?” ಎಂದ.

ಸೀಲಪ್ಪನವರು ಹೇಳಿದರು: “ಹರಿಗೋಲು ಬಂದು ತಾಗಿದಾಗ ಗಂಡ ಕೊಟ್ಟ ಸೋರೆಬುರುಡಿ ಆಕಿ ಸೊಂಟಕ್ಕ ಕಟ್ಕೊಂಡಿದ್ಲು, ಬಾಯಾಗ ಅಂಬಿಗನ ಏಳು ತಲಿಗೂ ಬೈಗುಳ ಇತ್ತು, ಆಕಿ ಇಳಿದಿರಲಿಲ್ಲ, ಅಷ್ಟ.”